ಗೋರ್ ಗೆದ್ದಿದ್ದರೆ? ಅಮೆರಿಕದ ಚುನಾವಣೆಯನ್ನು ಬೇರೆ ದಾರಿಗೆ ತಿರುಗಿಸುವ ಮುನ್ನ

ಪ್ರಶ್ನೆ: 2000ರ ಚುನಾವಣೆಯಲ್ಲಿ ಜಾರ್ಜ್ ಬುಷ್ ಬದಲು ಅಲ್ ಗೋರ್ ಗೆದ್ದಿದ್ದರೆ ಇರಾಕ್ ಯುದ್ಧವೇ ಆಗುತ್ತಿರಲಿಲ್ಲ ಎಂದು ಬಹಳ ಜನ ಹೇಳುತ್ತಾರೆ. ಹೀಗೆ 'ಆಗಿದ್ದರೆ, ಹೋಗಿದ್ದರೆ' ಅಂತ ಯೋಚಿಸಲು ಏನಾದರೂ ಕ್ರಮ ಇದೆಯಾ? ಅಥವಾ ಯಾರು ಏನು ಬೇಕಾದರೂ ಹೇಳಬಹುದಾ? ಅಮೆರಿಕದ ಒಂದು ಚುನಾವಣೆಯ ಫಲಿತಾಂಶ ಬದಲಿಸಿ ಕಾದಂಬರಿ ಬರೆಯುವ ಆಸೆ ನನಗಿದೆ. ಯಾವ ಚುನಾವಣೆ ಆರಿಸಿಕೊಳ್ಳಲಿ?

ಉತ್ತರ: ಇಂಥ ಪ್ರಶ್ನೆ ಕೇಳಿದರೆ 'ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನುತ್ತಿದ್ದೆವು' ಎಂದು ಬಾಯಿ ಮುಚ್ಚಿಸುವವರೇ ನಮ್ಮಲ್ಲಿ ಜಾಸ್ತಿ. ನಾನು ಹಾಗೆ ಹೇಳುವುದಿಲ್ಲ. ಒಂದು ಘಟನೆ ಎಷ್ಟು ಮುಖ್ಯ ಅಂತ ಗೊತ್ತಾಗಬೇಕಾದರೆ, ಅದು ಆಗದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಲೇಬೇಕು. ಇತಿಹಾಸ ಬರೆಯುವವರೆಲ್ಲ ಮನಸ್ಸಿನಲ್ಲೇ ಈ ಲೆಕ್ಕ ಹಾಕುತ್ತಿರುತ್ತಾರೆ. 'ಫ್ಲಾರಿಡಾದಿಂದಾಗಿ ಬುಷ್ ಗೆದ್ದರು' ಎಂದರೆ ಫ್ಲಾರಿಡಾ ಕೈಕೊಟ್ಟಿದ್ದರೆ ಸೋಲುತ್ತಿದ್ದರು ಅಂತಲೇ ಅರ್ಥ, ಅಲ್ವಾ?

ಹಾಗಂತ ಬಾಯಿಗೆ ಬಂದದ್ದು ಹೇಳುವಂತಿಲ್ಲ. ನಾನು ಪಾಲಿಸುವ ಕ್ರಮ ಇಷ್ಟು. ಬದಲಿಸುವುದು ಒಂದೇ ಒಂದು ಸಂಗತಿ. ಅದು ಚಿಕ್ಕದಾಗಿರಬೇಕು, ಆ ದಿನ ನಿಜವಾಗಿಯೂ ಬೇರೆ ಥರ ಆಗಬಹುದಾಗಿದ್ದ ಸಂಗತಿ ಆಗಿರಬೇಕು. ಆಮೇಲೆ ಏನೇನು ಬದಲಾಯಿತು ಎಂದು ಕನಸು ಕಾಣುವ ಮೊದಲು, ಏನೇನು ಇದ್ದ ಹಾಗೇ ಉಳಿಯಿತು ಎಂದು ಬರೆದುಕೊಳ್ಳಬೇಕು. ಇಂಥ ಕಥೆಗಳಲ್ಲಿ ಬಹುಪಾಲು ಕೆಡುವುದು ಈ ಎರಡನೇ ಕೆಲಸ ಬಿಟ್ಟಿದ್ದರಿಂದ. ಅಧ್ಯಕ್ಷರನ್ನು ಬದಲಿಸುತ್ತಾರೆ, ಸಂಸತ್ತು ಯಾರ ಕೈಯಲ್ಲಿತ್ತು ಅಂತ ನೋಡುವುದೇ ಇಲ್ಲ.

ಮೊದಲು ಲೆಕ್ಕದ ವಿಷಯ. ಅಮೆರಿಕದಲ್ಲಿ ಅಧ್ಯಕ್ಷರನ್ನು ದೇಶದ ಒಟ್ಟು ಮತ ಆರಿಸುವುದಿಲ್ಲ. ಒಂದೊಂದು ರಾಜ್ಯಕ್ಕೂ ಇಷ್ಟು ಎಂದು ಎಲೆಕ್ಟೋರಲ್ ಮತಗಳಿವೆ. ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಒಂದೇ ಒಂದು ಮತ ಜಾಸ್ತಿ ಪಡೆದರೂ ಆ ರಾಜ್ಯದ ಅಷ್ಟೂ ಎಲೆಕ್ಟೋರಲ್ ಮತ ಗೆದ್ದವರಿಗೇ. ಈಗ ಒಟ್ಟು 538, ಗೆಲ್ಲಲು 270 ಬೇಕು. ಇದರಿಂದಾಗಿಯೇ ಅಲ್ಲಿನ ಚುನಾವಣೆಗಳು ನಿಮ್ಮಂಥ ಬರಹಗಾರರಿಗೆ ಹೇಳಿ ಮಾಡಿಸಿದ ಹಾಗಿವೆ. 2020ರಲ್ಲಿ ಬೈಡನ್ ದೇಶದ ಒಟ್ಟು ಮತದಲ್ಲಿ 70 ಲಕ್ಷಕ್ಕೂ ಹೆಚ್ಚು ಮುಂದಿದ್ದರು. ಆದರೆ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರೂ ರಾಜ್ಯಗಳಲ್ಲಿ ಅವರ ಗೆಲುವಿನ ಅಂತರ ಕೂಡಿಸಿದರೆ 43 ಸಾವಿರವೂ ಆಗುವುದಿಲ್ಲ. ಆ ಮೂರು ಕೈಬಿಟ್ಟಿದ್ದರೆ 269–269 ಸಮ ಆಗುತ್ತಿತ್ತು.

ಲೆಕ್ಕ ನೋಡದೆ ಹೇಳುವ ಕಥೆಗಳಿಗೆ 1960 ಒಳ್ಳೆಯ ಉದಾಹರಣೆ. ಶಿಕಾಗೋದಲ್ಲಿ ಮತ ಎಣಿಕೆಯಲ್ಲಿ ಗೋಲ್‌ಮಾಲ್ ಆಯಿತು, ಇಲ್ಲದಿದ್ದರೆ ಕೆನಡಿ ಬದಲು ನಿಕ್ಸನ್ ಗೆಲ್ಲುತ್ತಿದ್ದರು ಎಂಬ ಮಾತು ಇವತ್ತಿಗೂ ಓಡಾಡುತ್ತದೆ. ಆರೋಪ ನಿಜವೇ ಅಂತಿಟ್ಟುಕೊಳ್ಳಿ. ಇಲಿನಾಯ್‌ನಲ್ಲಿ ಅಂತರ 9 ಸಾವಿರಕ್ಕಿಂತ ಕಡಿಮೆ ಇತ್ತು, ಎಲೆಕ್ಟೋರಲ್ ಮತ 27. ಕೆನಡಿಗೆ ಒಟ್ಟು ಸಿಕ್ಕಿದ್ದು 303. 27 ಕಳೆದರೂ 276 ಉಳಿಯುತ್ತದೆ, ಆಗ ಗೆಲ್ಲಲು ಬೇಕಿದ್ದದ್ದು 269. ನಿಕ್ಸನ್‌ಗೆ ಟೆಕ್ಸಾಸ್ ಕೂಡ ಬೇಕಿತ್ತು. ಅಲ್ಲಿ ಅಂತರ 46 ಸಾವಿರ. ಒಂದು ಊರಿನ ಪೆಟ್ಟಿಗೆಗಳಿಂದ ಮುಗಿಯುವ ಕೆಲಸ ಅಲ್ಲ ಅದು.

1860ರದ್ದು ಇನ್ನೂ ಸೋಜಿಗ. ಡೆಮಾಕ್ರಟಿಕ್ ಪಕ್ಷ ಒಡೆದು ಉತ್ತರಕ್ಕೆ ಡಗ್ಲಸ್, ದಕ್ಷಿಣಕ್ಕೆ ಬ್ರೆಕಿನ್‌ರಿಜ್ ಎಂದು ಇಬ್ಬರು ನಿಂತರು. ಜೊತೆಗೆ ಜಾನ್ ಬೆಲ್ ಬೇರೆ. ಲಿಂಕನ್ 40 ಶೇಕಡಕ್ಕಿಂತ ಕಡಿಮೆ ಮತ ಪಡೆದು ಗೆದ್ದರು. ಹಾಗಾಗಿ ಎದುರಾಳಿಗಳು ಒಗ್ಗಟ್ಟಾಗಿದ್ದರೆ ಲಿಂಕನ್ ಸೋಲುತ್ತಿದ್ದರು, ಅಂತರ್ಯುದ್ಧವೇ ತಪ್ಪುತ್ತಿತ್ತು ಎಂದು ಬಹಳ ಜನ ನಂಬಿದ್ದಾರೆ. ಮೂವರ ಮತವನ್ನೂ ಒಂದೇ ಕಡೆ ಸೇರಿಸಿ ನೋಡಿ. ಲಿಂಕನ್ ಕೈತಪ್ಪುವುದು ಕ್ಯಾಲಿಫೋರ್ನಿಯಾದ 4, ಆರೆಗಾನ್‌ನ 3, ನ್ಯೂಜೆರ್ಸಿಯ 4 ಎಲೆಕ್ಟೋರಲ್ ಮತ, ಅಷ್ಟೇ. 180ರಲ್ಲಿ 11 ಹೋಗಿ 169 ಉಳಿಯುತ್ತದೆ. ಗೆಲ್ಲಲು 152 ಸಾಕಿತ್ತು. ಉಳಿದ ಉತ್ತರದ ರಾಜ್ಯಗಳಲ್ಲೆಲ್ಲ ಅವರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದಿತ್ತು. ಅವರನ್ನು ಸೋಲಿಸಲೇಬೇಕು ಅಂದರೆ ನ್ಯೂಯಾರ್ಕ್ ತಿರುಗಿಸಬೇಕು. ಅದರ 35 ಹೋದರೆ 145ಕ್ಕೆ ಇಳಿಯುತ್ತಾರೆ, ಆಗ ಯಾರಿಗೂ ಬಹುಮತ ಇಲ್ಲದೆ ತೀರ್ಮಾನ ಸಂಸತ್ತಿನ ಕೆಳಮನೆಯಾದ ಜನಪ್ರತಿನಿಧಿ ಸಭೆಗೆ ಹೋಗುತ್ತದೆ. ಆದರೆ ನ್ಯೂಯಾರ್ಕ್‌ನಲ್ಲಿ ಎದುರಾಳಿಗಳು ಆಗಲೇ ಒಂದಾಗಿ ನಿಂತಿದ್ದರು! ಆದರೂ ಲಿಂಕನ್ ಸುಮಾರು 50 ಸಾವಿರದಿಂದ ಗೆದ್ದರು.

ಈಗ ನಿಮ್ಮ 2000ಕ್ಕೆ ಬರೋಣ. ಬುಷ್ ರಿಪಬ್ಲಿಕನ್, ಗೋರ್ ಡೆಮಾಕ್ರಟ್. ಫ್ಲಾರಿಡಾದಲ್ಲಿ ಸುಮಾರು 60 ಲಕ್ಷ ಮತ ಬಿದ್ದವು. ಬುಷ್ ಗೆದ್ದದ್ದು 537 ಮತಗಳಿಂದ. ಒಟ್ಟಾರೆ ಎಲೆಕ್ಟೋರಲ್ ಲೆಕ್ಕ 271–266. ಇದನ್ನು ತಿರುಗಿಸಲು ಜನ ಸಾಮಾನ್ಯವಾಗಿ ಹಿಡಿಯುವುದು ಸುಪ್ರೀಂ ಕೋರ್ಟ್ ದಾರಿ. ಡಿಸೆಂಬರ್ 12ರಂದು 5–4 ತೀರ್ಪಿನಿಂದ ಮರು ಎಣಿಕೆ ನಿಂತಿತು, ನಿಲ್ಲದಿದ್ದರೆ ಗೋರ್ ಅಧ್ಯಕ್ಷ ಎನ್ನುತ್ತಾರೆ. ಈ ದಾರಿ ಗಟ್ಟಿಯಾಗಿಲ್ಲ. ಮುಂದಿನ ವರ್ಷ ಅಮೆರಿಕದ ದೊಡ್ಡ ಪತ್ರಿಕೆಗಳು ಸೇರಿ, ಎಣಿಕೆಗೆ ಸಿಗದೆ ಉಳಿದಿದ್ದ ಸುಮಾರು 1.75 ಲಕ್ಷ ಮತಪತ್ರಗಳನ್ನು ಒಂದೊಂದಾಗಿ ನೋಡಿಸಿದವು. ಫ್ಲಾರಿಡಾದ ಕೋರ್ಟ್ ಹೇಳಿದ್ದಂಥ ಮರು ಎಣಿಕೆ ಪೂರ್ತಿಯಾಗಿದ್ದರೂ ಬುಷ್ ಅವರೇ ಗೆಲ್ಲುತ್ತಿದ್ದರು ಅಂತ ಬಂತು. ಗೋರ್ ಕೇಳಿದ್ದು ನಾಲ್ಕು ಕೌಂಟಿಗಳ (ನಮ್ಮ ಜಿಲ್ಲೆಯ ಹಾಗೆ) ಮರು ಎಣಿಕೆ. ಅದರಲ್ಲೂ ಬುಷ್. ಅಲ್ಲಿ ಬಹಳ ಕಡೆ ಮತಪತ್ರದಲ್ಲಿ ತೂತು ಮಾಡಿ ಮತ ಹಾಕುತ್ತಿದ್ದರು. ಎರಡೆರಡು ತೂತು ಬಿದ್ದು ತಿರಸ್ಕಾರವಾದ ಮತಪತ್ರಗಳನ್ನೂ ಸೇರಿಸಿ ಇಡೀ ರಾಜ್ಯದಲ್ಲಿ ಎಣಿಸಿದ್ದರೆ ಮಾತ್ರ ಗೋರ್ ಕೂದಲೆಳೆಯಲ್ಲಿ ಮುಂದೆ ಬರುತ್ತಿದ್ದರು. ಅಂಥ ಎಣಿಕೆ ಮಾಡಿ ಅಂತ ಗೋರ್ ಕಡೆಯವರು ಕೋರ್ಟಿನಲ್ಲಿ ಕೇಳಲೇ ಇಲ್ಲ.

ಗ್ರೀನ್ ಪಕ್ಷದ ಅಭ್ಯರ್ಥಿ ರಾಲ್ಫ್ ನೇಡರ್ ಕಣದಿಂದ ಹಿಂದೆ ಸರಿದಿದ್ದರೆ ಎನ್ನುವವರೂ ಇದ್ದಾರೆ. ಫ್ಲಾರಿಡಾದಲ್ಲಿ ಅವರಿಗೆ 97 ಸಾವಿರ ಮತ ಬಿದ್ದಿತ್ತು, ಲೆಕ್ಕ ಸರಿ ಹೋಗುತ್ತದೆ. ಆದರೆ ಅದಕ್ಕೆ ನೇಡರ್ ಅವರ ಸ್ವಭಾವವನ್ನೇ ಬದಲಿಸಬೇಕು. ಹಿಡಿದ ಪಟ್ಟು ಬಿಡದ ಮನುಷ್ಯ ಅವರು. ಒಬ್ಬರ ಸ್ವಭಾವ ತಿದ್ದಿ ಬರೆದ ಕಥೆಯನ್ನು ಓದುಗ ನಂಬುವುದಿಲ್ಲ.

ನಾನು ಆರಿಸುವುದು ಪಾಮ್ ಬೀಚ್ ಕೌಂಟಿಯ ಒಂದು ಕಾಗದ. ಅಲ್ಲಿ ಹತ್ತು ಅಭ್ಯರ್ಥಿಗಳ ಹೆಸರು ಹಾಕಬೇಕಿತ್ತು. ವಯಸ್ಸಾದ ಮತದಾರರೇ ಜಾಸ್ತಿ ಇರುವ ಜಾಗ, ಅಕ್ಷರ ದೊಡ್ಡದಾಗಿರಲಿ ಅಂತ ಹೆಸರುಗಳನ್ನು ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಎಂದು ಎರಡು ಪುಟಕ್ಕೆ ಹಂಚಿದರು. ತೂತು ಮಾಡುವ ಸಾಲು ನಡುವೆ. ಎಡಗಡೆ ಮೊದಲ ಹೆಸರು ಬುಷ್, ಅದರ ಕೆಳಗೆ ಗೋರ್. ಬಲಗಡೆ ಮೊದಲ ಹೆಸರು ರಿಫಾರ್ಮ್ ಪಕ್ಷದ ಪ್ಯಾಟ್ ಬುಕಾನನ್. ನಡುವಿನ ಸಾಲಿನಲ್ಲಿ ಮೊದಲ ತೂತು ಬುಷ್‌ಗೆ, ಎರಡನೆಯದು ಬುಕಾನನ್‌ಗೆ, ಮೂರನೆಯದು ಗೋರ್‌ಗೆ. ಎಡಗಡೆ ಎರಡನೇ ಹೆಸರು ನೋಡಿದವರು ಎರಡನೇ ತೂತು ಒತ್ತಿದರು. ತಪ್ಪು ಗೊತ್ತಾದ ಕೆಲವರು ಮೂರನೆಯದನ್ನೂ ಒತ್ತಿದರು, ಅವರ ಮತ ಅಲ್ಲಿಗೆ ಹಾಳು. ಬುಕಾನನ್‌ಗೆ ಆ ಕೌಂಟಿಯಲ್ಲಿ 3,400ಕ್ಕೂ ಹೆಚ್ಚು ಮತ ಬಂತು. ಅವುಗಳಲ್ಲಿ ಬಹುಪಾಲು ತಮ್ಮವಲ್ಲ ಎಂದು ಅವರೇ ಟಿವಿಯಲ್ಲಿ ಒಪ್ಪಿಕೊಂಡರು. ಒಂದಕ್ಕಿಂತ ಹೆಚ್ಚು ತೂತು ಬಿದ್ದು ತಿರಸ್ಕಾರವಾದದ್ದು 19 ಸಾವಿರಕ್ಕೂ ಮೇಲೆ. ಅದರಲ್ಲಿ 5 ಸಾವಿರಕ್ಕೂ ಹೆಚ್ಚು ಕಾಗದಗಳಲ್ಲಿ ಗೋರ್, ಬುಕಾನನ್ ಇಬ್ಬರಿಗೂ ತೂತು.

ಹೆಸರುಗಳನ್ನು ಒಂದೇ ಪುಟದಲ್ಲಿ ಸಾಲಾಗಿ ಅಚ್ಚು ಹಾಕಿದ್ದರೆ ಸಾಕಿತ್ತು. ಯಾರ ಮನಸ್ಸೂ ಬದಲಾಗಬೇಕಿಲ್ಲ, ಯಾರ ಸ್ವಭಾವವೂ ತಿದ್ದಬೇಕಿಲ್ಲ. ಆ ಮತದಾರರು ಅವತ್ತು ಮನೆಯಿಂದ ಹೊರಡುವಾಗ ಯಾರಿಗೆ ಹಾಕಬೇಕು ಅಂದುಕೊಂಡಿದ್ದರೋ ಅವರಿಗೇ ಮತ ಹೋಗುತ್ತಿತ್ತು. ಗೋರ್ ಸಾವಿರಾರು ಮತಗಳಿಂದ ಫ್ಲಾರಿಡಾ ಗೆಲ್ಲುತ್ತಿದ್ದರು. ಇದಕ್ಕಿಂತ ಒಳ್ಳೆಯ ತಿರುವು ಅಮೆರಿಕದ ಇತಿಹಾಸದಲ್ಲಿ ನನಗಂತೂ ಕಂಡಿಲ್ಲ.

ಸರಿ, ಗೋರ್ ಅಧ್ಯಕ್ಷರಾದರು. ಈಗ ಬದಲಾಗದೇ ಉಳಿದದ್ದನ್ನು ನೋಡಿ. ಜನಪ್ರತಿನಿಧಿ ಸಭೆ ರಿಪಬ್ಲಿಕನ್ನರ ಕೈಯಲ್ಲೇ ಇದೆ. ಸೆನೆಟ್ 50–50. ಸಮ ಆದಾಗ ಉಪಾಧ್ಯಕ್ಷರ ಮತ ನಿರ್ಣಾಯಕ, ಹಾಗಾಗಿ ಉಪಾಧ್ಯಕ್ಷ ಲೀಬರ್‌ಮನ್ ಮತದಿಂದ ಡೆಮಾಕ್ರಟರದ್ದೇ ಮೇಲುಗೈ ಅಂದುಕೊಳ್ಳುತ್ತೀರಿ. ಇಲ್ಲಿ ಒಂದು ಗಂಟಿದೆ. ಲೀಬರ್‌ಮನ್ ಅದೇ ದಿನ ಕನೆಕ್ಟಿಕಟ್‌ನಿಂದ ಸೆನೆಟ್‌ಗೂ ನಿಂತು ಗೆದ್ದಿದ್ದರು. ಉಪಾಧ್ಯಕ್ಷರಾಗಬೇಕಾದರೆ ಆ ಸ್ಥಾನ ಬಿಡಬೇಕು. ಖಾಲಿ ಜಾಗ ತುಂಬುವ ಅಧಿಕಾರ ಆ ರಾಜ್ಯದ ಗವರ್ನರ್‌ಗೆ, ಗವರ್ನರ್ ರಿಪಬ್ಲಿಕನ್. ಅಲ್ಲಿಗೆ ಸೆನೆಟ್ 51–49. ಗೋರ್ ಶ್ವೇತಭವನಕ್ಕೆ ಕಾಲಿಡುವ ಹೊತ್ತಿಗೆ ಎರಡೂ ಸದನ ಎದುರು ಪಕ್ಷದ ಕೈಯಲ್ಲಿ!

ಹಾಗಾಗಿ ಗೋರ್ ಬಂದಿದ್ದರೆ ಹವಾಮಾನದ ವಿಷಯದಲ್ಲಿ ಅಮೆರಿಕ ಮುಂದಾಳು ಆಗುತ್ತಿತ್ತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಸಿರುಮನೆ ಅನಿಲ ಕಡಿಮೆ ಮಾಡುವ ಕ್ಯೋಟೊ ಒಪ್ಪಂದದಂಥದ್ದಕ್ಕೆ ಸೆನೆಟ್‌ನ ಮೂರನೇ ಎರಡು ಭಾಗ ಮತ ಬೇಕು. 1997ರಲ್ಲೇ ಸೆನೆಟ್ 95–0 ಮತದಿಂದ, ಅಭಿವೃದ್ಧಿಶೀಲ ದೇಶಗಳಿಗೂ ಮಿತಿ ಹಾಕದ ಒಪ್ಪಂದ ಬೇಡ ಎಂದು ಹೇಳಿಬಿಟ್ಟಿತ್ತು. ಆ 95 ಮಂದಿಯಲ್ಲಿ ಗೋರ್ ಪಕ್ಷದವರೂ ಇದ್ದರು. 2001ರ ದೊಡ್ಡ ತೆರಿಗೆ ಕಡಿತ ಮಾತ್ರ ಆ ರೂಪದಲ್ಲಿ ಬರುತ್ತಿರಲಿಲ್ಲ. ಗೋರ್ ಸಹಿ ಹಾಕುತ್ತಿರಲಿಲ್ಲ.

ಸೆಪ್ಟೆಂಬರ್ 11ರ ದಾಳಿ? ಫ್ಲಾರಿಡಾದಲ್ಲಿ ಮತಪತ್ರದ ತೂತಿಗೆ ಬೆಳಕು ಹಿಡಿದು ನೋಡುತ್ತಿದ್ದ ಆ ನವೆಂಬರ್‌ನಲ್ಲೇ, ಅದೇ ರಾಜ್ಯದ ವೆನಿಸ್ ಎಂಬ ಊರಲ್ಲಿ ದಾಳಿಕೋರರ ಮುಖಂಡ ಮೊಹಮ್ಮದ್ ಅಟ್ಟಾ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದ. ಸಂಚು ಆಗಲೇ ಹೊರಟಾಗಿತ್ತು. ಅಧ್ಯಕ್ಷರು ಬದಲಾದ ಮಾತ್ರಕ್ಕೆ ಅದು ನಿಲ್ಲುತ್ತಿತ್ತು ಎಂದು ಬರೆಯಬೇಡಿ. ದಾಳಿ ಆದಮೇಲೆ ಅಫ್ಘಾನಿಸ್ತಾನದ ಯುದ್ಧವೂ ಬಹುಶಃ ಆಗುತ್ತಿತ್ತು. ಬಲ ಬಳಸಲು ಒಪ್ಪಿಗೆ ಕೊಟ್ಟಾಗ ಸೆನೆಟ್‌ನಲ್ಲಿ 98–0, ಕೆಳಮನೆಯಲ್ಲಿ 420–1 ಮತ ಬಿತ್ತು. ಅಂಥ ಅಲೆಯ ಎದುರು ಯಾವ ಅಧ್ಯಕ್ಷರೂ ನಿಲ್ಲುತ್ತಿರಲಿಲ್ಲ.

ಇರಾಕ್ ವಿಷಯ ಬೇರೆ. 2002ರ ಸೆಪ್ಟೆಂಬರ್‌ನಲ್ಲಿ ಗೋರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಾಷಣ ಮಾಡಿ ಆ ಯುದ್ಧದ ಆತುರವನ್ನು ಬಹಿರಂಗವಾಗಿ ವಿರೋಧಿಸಿದರು. ಯುದ್ಧಕ್ಕೆ ಜನಬೆಂಬಲ ಇದ್ದಾಗಲೇ ಆಡಿದ ಮಾತು ಅದು, ಆದ್ದರಿಂದ ಅದಕ್ಕೆ ತೂಕ ಇದೆ. ಆದರೆ ಅವರ ಉಪಾಧ್ಯಕ್ಷ ಆಗಬೇಕಿದ್ದ ಲೀಬರ್‌ಮನ್ ಆ ಯುದ್ಧದ ಗಟ್ಟಿ ಬೆಂಬಲಿಗ. ಸದ್ದಾಂನನ್ನು ಇಳಿಸುವುದೇ ಅಮೆರಿಕದ ನೀತಿ ಎಂಬ ಕಾನೂನಿಗೆ 1998ರಲ್ಲಿ ಸಹಿ ಹಾಕಿದ್ದು ಕ್ಲಿಂಟನ್. ಒತ್ತಡ ಇದ್ದೇ ಇತ್ತು. ಎಲ್ಲ ತೂಗಿ ನೋಡಿದರೆ, 2003ರ ಮಾರ್ಚ್‌ನಲ್ಲಿ ಸೇನೆ ನುಗ್ಗಿಸುವ ಕೆಲಸವನ್ನು ಗೋರ್ ಮಾಡುತ್ತಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಜನ ಹೇಳುವುದರಲ್ಲಿ ಹುರುಳಿದೆ. ಅವರು ಹೇಳುವಷ್ಟು ಖಚಿತ ಅಲ್ಲ, ಅಷ್ಟೇ.

ನಮ್ಮ ಕಡೆಯ ಓದುಗರಿಗೆ ಇನ್ನೊಂದು ಕುತೂಹಲ ಇರುತ್ತದೆ. ಆ ವರ್ಷಗಳಲ್ಲಿ ಬೆಂಗಳೂರಿನಿಂದ ಎಚ್‌-1ಬಿ ವೀಸಾ ಹಿಡಿದು ಹೋದವರ ಗತಿ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ವರ್ಷಕ್ಕೆ 1,95,000 ವೀಸಾಗಳ ಮಿತಿ ತಂದ ಕಾನೂನಿಗೆ ಸಹಿ ಬಿದ್ದದ್ದು 2000ರ ಅಕ್ಟೋಬರ್‌ನಲ್ಲಿ, ಚುನಾವಣೆಗೂ ಮುಂಚೆ. ಡಾಟ್‌ಕಾಂ ಷೇರುಗಳು ಬೀಳತೊಡಗಿದ್ದು ಅದೇ ವರ್ಷದ ಮಾರ್ಚ್‌ನಿಂದ. ಯಾರು ಗೆದ್ದರೂ ಅವರ ಪಾಡು ಅದೇ. ಭಾರತದ ಜೊತೆಗಿನ ಅಣು ಒಪ್ಪಂದ ಮಾತ್ರ ಬೇರೆ ಕಥೆ. 2005ರ ಜುಲೈನಲ್ಲಿ ಬುಷ್, ಮನಮೋಹನ್ ಸಿಂಗ್ ಇಬ್ಬರೂ ಮುಂದಿಟ್ಟ ಆ ಮಾತುಕತೆಗೆ ಬುಷ್ ಅವರ ಸ್ವಂತ ಆಸಕ್ತಿ ದೊಡ್ಡ ಬಲ. 2005ರಲ್ಲಿ ಗೋರ್ ಇರುತ್ತಿದ್ದರೋ ಇಲ್ಲವೋ ಎನ್ನುವುದೇ ಪ್ರಶ್ನೆ. ಡೆಮಾಕ್ರಟರು ಅಷ್ಟರಲ್ಲಿ ಸತತ 12 ವರ್ಷ ಆಳಿರುತ್ತಿದ್ದರು, 2004ರಲ್ಲಿ ಮತ್ತೆ ಗೆಲ್ಲುವುದು ಸುಲಭ ಇರಲಿಲ್ಲ. ಇಲ್ಲಿಂದ ಮುಂದೆ ನಾನು ಕೈ ಕಟ್ಟಿಕೊಳ್ಳುತ್ತೇನೆ. ಇನ್ನೊಂದು ಚುನಾವಣೆ ಅಡ್ಡ ಬಂತೆಂದರೆ ಲೆಕ್ಕದ ಹಿಡಿತ ತಪ್ಪುತ್ತದೆ.

ಕಾದಂಬರಿಗೆ ಯಾವುದು ಎಂದು ಕೇಳಿದಿರಿ. 2000 ಬೇಡ ಅನ್ನುತ್ತೇನೆ. ಅದರಲ್ಲಿದ್ದ ಎಷ್ಟೋ ಜನ ಇನ್ನೂ ನಮ್ಮ ಕಣ್ಣೆದುರಿಗೆ ಇದ್ದಾರೆ, ಓದುಗ ಪಕ್ಷ ಹಿಡಿದುಕೊಂಡೇ ಓದುತ್ತಾನೆ. ನೀವು 1916 ತೆಗೆದುಕೊಳ್ಳಿ.

ವುಡ್ರೋ ವಿಲ್ಸನ್ ಎರಡನೇ ಸಲಕ್ಕೆ ನಿಂತಿದ್ದರು. ಎದುರಿಗೆ ರಿಪಬ್ಲಿಕನ್ ಪಕ್ಷದ ಚಾರ್ಲ್ಸ್ ಇವಾನ್ಸ್ ಹ್ಯೂಸ್. ಇವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹುದ್ದೆಗೆ ರಾಜೀನಾಮೆ ಕೊಟ್ಟು ಕಣಕ್ಕಿಳಿದವರು. ಫಲಿತಾಂಶ 277–254. ಕ್ಯಾಲಿಫೋರ್ನಿಯಾದ ಎಲೆಕ್ಟೋರಲ್ ಮತ 13. ಅಲ್ಲಿ ಸುಮಾರು 10 ಲಕ್ಷ ಮತಗಳಲ್ಲಿ ವಿಲ್ಸನ್ ಮುಂದಿದ್ದದ್ದು 4 ಸಾವಿರಕ್ಕಿಂತ ಕಡಿಮೆ. ಅದೊಂದು ರಾಜ್ಯ ತಿರುಗಿದ್ದರೆ ಹ್ಯೂಸ್ 267, ವಿಲ್ಸನ್ 264.

ಇದರ ಹಿಂದೆ ಒಂದು ಹೋಟೆಲ್ ಇದೆ. ಆಗಸ್ಟ್‌ನಲ್ಲಿ ಹ್ಯೂಸ್ ಕ್ಯಾಲಿಫೋರ್ನಿಯಾಕ್ಕೆ ಪ್ರಚಾರಕ್ಕೆ ಬಂದರು. ಅಲ್ಲಿನ ಗವರ್ನರ್ ಹೈರಮ್ ಜಾನ್ಸನ್. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಜೊತೆ ಪಕ್ಷ ಬಿಟ್ಟು ಹೋಗಿ, ಅವರ ಉಪಾಧ್ಯಕ್ಷ ಅಭ್ಯರ್ಥಿಯಾಗಿ ನಿಂತಿದ್ದವರು. ಈಗ ವಾಪಸು ಬಂದು ಸೆನೆಟ್‌ಗೆ ರಿಪಬ್ಲಿಕನ್ ಟಿಕೆಟ್ ಕೇಳುತ್ತಿದ್ದರು. ಪಕ್ಷದ ಹಳೇ ತಲೆಗಳಿಗೂ ಅವರಿಗೂ ಆಗುತ್ತಿರಲಿಲ್ಲ. ಹ್ಯೂಸ್ ಅವರನ್ನು ಸುತ್ತಾಡಿಸಿದ್ದು ಆ ಹಳೇ ತಲೆಗಳೇ. ಲಾಂಗ್ ಬೀಚ್ ಊರಿನ ಒಂದು ಹೋಟೆಲ್‌ನಲ್ಲಿ ಹ್ಯೂಸ್ ಕೆಲ ಹೊತ್ತು ತಂಗಿದ್ದರು. ಅದೇ ಹೋಟೆಲ್‌ನಲ್ಲಿ ಅದೇ ಹೊತ್ತಿಗೆ ಜಾನ್ಸನ್ ಕೂಡ ಇದ್ದರು. ಇಬ್ಬರೂ ಭೇಟಿ ಆಗಲಿಲ್ಲ. ಜಾನ್ಸನ್ ಅಲ್ಲೇ ಇದ್ದಾರೆ ಅಂತ ಹ್ಯೂಸ್‌ಗೆ ಯಾರೂ ಹೇಳಲಿಲ್ಲ. ಊರೆಲ್ಲ ಇದನ್ನು ಅವಮಾನ ಅಂತಲೇ ಮಾತಾಡಿಕೊಂಡಿತು. ನವೆಂಬರ್‌ನಲ್ಲಿ ಜಾನ್ಸನ್ ಸುಮಾರು 3 ಲಕ್ಷ ಅಂತರದಿಂದ ಸೆನೆಟ್‌ಗೆ ಗೆದ್ದರು. ಅದೇ ದಿನ, ಅದೇ ರಾಜ್ಯದಲ್ಲಿ, ಅದೇ ಪಕ್ಷದ ಹ್ಯೂಸ್ ಸೋತರು. ಹೋಟೆಲ್ ಒಂದೇ ಕಾರಣ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಣಿಗಳ ಮುಷ್ಕರ ನಡೆಯುವಾಗ ಮುಷ್ಕರಕ್ಕೆ ಸೇರದವರು ಬಡಿಸಿದ ಊಟಕ್ಕೆ ಕೂತು ಕಾರ್ಮಿಕರನ್ನೂ ಕಳೆದುಕೊಂಡರು. ಆದರೆ ಅಂತರ ಇಷ್ಟು ಚಿಕ್ಕದಿದ್ದಾಗ ಒಂದು ಕೈಕುಲುಕು ಸಾಕಿತ್ತು.

ಇನ್ನು ನಿಮ್ಮ ಕಾದಂಬರಿಗೆ ಚಿನ್ನದಂಥ ಸಂಗತಿ. ಆಗೆಲ್ಲ ನವೆಂಬರ್‌ನಲ್ಲಿ ಗೆದ್ದವರು ಅಧಿಕಾರ ಹಿಡಿಯುವುದು ಮಾರ್ಚ್ 4ಕ್ಕೆ. ಯುರೋಪಿನಲ್ಲಿ ಯುದ್ಧ ಉರಿಯುತ್ತಿರುವಾಗ ಸೋತ ಅಧ್ಯಕ್ಷ ನಾಲ್ಕು ತಿಂಗಳು ಕೂತಿರುವುದು ದೇಶಕ್ಕೆ ಅಪಾಯ ಎಂದು ವಿಲ್ಸನ್ ಯೋಚಿಸಿದ್ದರು. ಮತದಾನಕ್ಕೆ ಎರಡು ದಿನ ಮುಂಚೆ, ನವೆಂಬರ್ 5ರಂದು, ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲಾನ್ಸಿಂಗ್ ಅವರಿಗೆ ಪತ್ರ ಬರೆದರು. ನಾನು ಸೋತರೆ ನಿಮ್ಮ ಜಾಗಕ್ಕೆ ಹ್ಯೂಸ್ ಅವರನ್ನು ನೇಮಿಸುತ್ತೇನೆ, ಉಪಾಧ್ಯಕ್ಷ ಮಾರ್ಷಲ್ ಒಪ್ಪಿದರೆ ನಾವಿಬ್ಬರೂ ರಾಜೀನಾಮೆ ಕೊಡುತ್ತೇವೆ ಎಂಬುದು ಅದರ ತಿರುಳು. ಆಗಿನ ಕಾನೂನಿನ ಪ್ರಕಾರ ಉಪಾಧ್ಯಕ್ಷರ ನಂತರದ ಸರದಿ ವಿದೇಶಾಂಗ ಕಾರ್ಯದರ್ಶಿಯದ್ದು. ಅಂದರೆ ಹ್ಯೂಸ್ ಮಾರ್ಚ್ ತನಕ ಕಾಯದೆ ಅಧ್ಯಕ್ಷರಾಗುತ್ತಿದ್ದರು. ಗೆದ್ದದ್ದರಿಂದ ಆ ಪತ್ರ ಕೆಲಸಕ್ಕೆ ಬರಲಿಲ್ಲ.

ಬದಲಾಗದ್ದು ಏನು? ಯುದ್ಧ. ಜರ್ಮನಿ 1917ರ ಫೆಬ್ರವರಿ 1ರಿಂದ ಜಲಾಂತರ್ಗಾಮಿ ದಾಳಿಗೆ ಕಡಿವಾಣ ಇರುವುದಿಲ್ಲ ಎಂದು ಘೋಷಿಸಿದ್ದು ಅಮೆರಿಕದ ಅಧ್ಯಕ್ಷರು ಯಾರು ಅಂತ ನೋಡಿ ಅಲ್ಲ. ಹ್ಯೂಸ್ ಇದ್ದರೂ ಅಮೆರಿಕ ಯುದ್ಧಕ್ಕೆ ಇಳಿಯುತ್ತಿತ್ತು. 'ಯುದ್ಧದಿಂದ ನಮ್ಮನ್ನು ದೂರ ಇಟ್ಟವರು' ಎಂದು ಪ್ರಚಾರ ಪಡೆದ ವಿಲ್ಸನ್ ಅವರೇ ಏಪ್ರಿಲ್‌ನಲ್ಲಿ ಇಳಿದರಲ್ಲ.

ಬದಲಾಗುತ್ತಿದ್ದದ್ದು ಶಾಂತಿಯ ಹೊತ್ತಿನ ಕಥೆ. ವಿಲ್ಸನ್ ಶಾಂತಿ ಮಾತುಕತೆಗೆ ಪ್ಯಾರಿಸ್‌ಗೆ ಹೋಗುವಾಗ ಎದುರು ಪಕ್ಷದ ಒಬ್ಬ ಸೆನೆಟರ್‌ನನ್ನೂ ಜೊತೆಗೆ ಕರೆದುಕೊಳ್ಳಲಿಲ್ಲ. ವಾಪಸು ಬಂದಮೇಲೆ ರಾಷ್ಟ್ರಸಂಘದ (ವಿಶ್ವಸಂಸ್ಥೆಗಿಂತ ಮುಂಚೆ ಇದ್ದ ದೇಶಗಳ ಒಕ್ಕೂಟ) ಕರಾರಿಗೆ ಸೆನೆಟ್ ಕೆಲವು ಷರತ್ತು ಹಾಕಿದಾಗ, ಪಾರ್ಶ್ವವಾಯು ಬಡಿದು ಮಲಗಿದ್ದ ಮನುಷ್ಯ ಒಂದಕ್ಷರವನ್ನೂ ಬಿಟ್ಟುಕೊಡಲಿಲ್ಲ. 1920ರ ಮಾರ್ಚ್‌ನಲ್ಲಿ ಷರತ್ತುಗಳ ಸಮೇತ ಒಪ್ಪಂದ ಮತಕ್ಕೆ ಬಂದಾಗ 49–35. ಮೂರನೇ ಎರಡಕ್ಕೆ ಏಳು ಮತ ಕಡಿಮೆ. ಹ್ಯೂಸ್ ಷರತ್ತುಗಳೊಂದಿಗೆ ರಾಷ್ಟ್ರಸಂಘ ಸೇರೋಣ ಅನ್ನುವವರು. ಅವರು ಎಂಥ ಮಾತುಕತೆಗಾರ ಅಂತ ನಾವು ಊಹಿಸಬೇಕಿಲ್ಲ. 1921ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿ ವಾಷಿಂಗ್ಟನ್‌ನಲ್ಲಿ ನೌಕಾಪಡೆ ಸಮ್ಮೇಳನ ನಡೆಸಿ, ದೊಡ್ಡ ದೇಶಗಳಿಂದ ಯುದ್ಧನೌಕೆ ಕಡಿತಕ್ಕೆ ಒಪ್ಪಿಗೆ ಪಡೆದರು. ಆ ಒಪ್ಪಂದಕ್ಕೆ ಸೆನೆಟ್ ಒಪ್ಪಿಗೆಯೂ ಸಿಕ್ಕಿತು. ನಿಮ್ಮ ನಾಯಕ ಮುಂದೆ ನಿಜವಾಗಿ ಏನು ಮಾಡಿದ ಎಂಬ ದಾಖಲೆ ಹೀಗೆ ಕೈಯಲ್ಲಿರುವುದು ಅಪರೂಪ. ಅಮೆರಿಕ ರಾಷ್ಟ್ರಸಂಘ ಸೇರುತ್ತಿತ್ತು ಎಂದು ನೀವು ಧೈರ್ಯವಾಗಿ ಬರೆಯಬಹುದು. ಅದರಿಂದ ಎರಡನೇ ಮಹಾಯುದ್ಧ ತಪ್ಪಿತು ಅಂತ ಮಾತ್ರ ಬರೆಯಬೇಡಿ, ಆ ಸೇತುವೆಗೆ ಕಂಬ ಇಲ್ಲ.

ಭಾರತದ ಎಳೆಯೂ ಇದೆ. ಹೋಂ ರೂಲ್ ಚಳವಳಿಯ ಎಸ್. ಸುಬ್ರಮಣ್ಯ ಅಯ್ಯರ್ 1917ರ ಜೂನ್‌ನಲ್ಲಿ ಮದರಾಸಿನಿಂದ ವಿಲ್ಸನ್‌ಗೇ ಪತ್ರ ಕಳಿಸಿದ್ದರು. 1918ರ ಡಿಸೆಂಬರ್‌ನಲ್ಲಿ ದೆಹಲಿಯ ಕಾಂಗ್ರೆಸ್ ಅಧಿವೇಶನ ಸ್ವಯಂ ನಿರ್ಣಯದ ಹಕ್ಕು ಕೇಳಿದಾಗ ಆಧಾರವಾಗಿ ಹಿಡಿದದ್ದು ವಿಲ್ಸನ್ ಮಾತುಗಳನ್ನು. ಕಾನೂನಿನ ಭಾಷೆಯಲ್ಲಿ ಅಳೆದು ಮಾತಾಡುವ ಹ್ಯೂಸ್ ಅಂಥ ಭಾಷಣ ಮಾಡುತ್ತಿದ್ದರು ಅಂತ ನನಗನಿಸುವುದಿಲ್ಲ. ಆಗ ಟಿಳಕರು, ಆನಿ ಬೆಸೆಂಟ್ ಯಾರ ಮಾತನ್ನು ಎತ್ತಿ ತೋರಿಸುತ್ತಿದ್ದರು? ಅದಕ್ಕೆ ಒಂದು ಅಧ್ಯಾಯ ಇಡಿ.

ಕಥೆಯನ್ನು ಲಾಂಗ್ ಬೀಚ್ ಹೋಟೆಲ್‌ನಿಂದ ಶುರುಮಾಡಿ, 1920ರ ಸೆನೆಟ್ ಮತಕ್ಕೆ ನಿಲ್ಲಿಸಿ. ಹೇಳುವವರು ಲಾನ್ಸಿಂಗ್ ಆಗಲಿ. ತನ್ನ ಹುದ್ದೆ ಹೋಗುವ ಪತ್ರ ಅವರ ಕೈಗೇ ಬಂದಿತ್ತು. ನಿಜದಲ್ಲಿ ಅವರು ವಿಲ್ಸನ್ ಜೊತೆ ಪ್ಯಾರಿಸ್‌ಗೆ ಹೋಗಿ, ರಾಷ್ಟ್ರಸಂಘದ ವಿಷಯದಲ್ಲಿ ಮನಸ್ತಾಪ ಬಂದು, 1920ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ನಿಮ್ಮ ಕಥೆಯಲ್ಲಿ ಅವರು 1916ರ ನವೆಂಬರ್‌ನಲ್ಲೇ ಜಾಗ ಬಿಟ್ಟುಕೊಟ್ಟು ಮನೆಗೆ ಹೋಗಿರುತ್ತಾರೆ. ಆ ಮನುಷ್ಯ ಹೊರಗಿನಿಂದ ಎಲ್ಲವನ್ನೂ ನೋಡುತ್ತ ಏನು ಅಂದುಕೊಳ್ಳುತ್ತಿದ್ದ ಎನ್ನುವುದನ್ನು ನೀವೇ ಕಂಡುಕೊಳ್ಳಬೇಕು.